ಸ್ಲೋ ಸ್ಪೀಡ್ ಸ್ಕ್ರೂ ತಿರುಗಿಸಿದರೆ ಯೆಜ್ಡಿ ಸರಿಹೋಗುತ್ತದೆಯೇ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳು ಇನ್ನೂ ಓಡುತ್ತಿವೆ. ಅವುಗಳ ಜೊತೆಗೆ ಗ್ಯಾರೇಜಿನ ಕಟ್ಟುಮಾತುಗಳೂ ಓಡುತ್ತಿವೆ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆಗಲಿ, ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ಕೂಗುತ್ತಿರಲಿ, ಸುತ್ತ ಸೇರಿದವರ ಬಾಯಲ್ಲಿ ಒಂದೇ ಮಾತು: ‘ಕಾರ್ಬೊರೇಟರ್ ಟ್ಯೂನ್ ಮಾಡಿಸಿ.’ ಬಹಳ ಸಲ ಕಾರ್ಬೊರೇಟರ್ ಏನೂ ತಪ್ಪು ಮಾಡಿರುವುದಿಲ್ಲ.

ಮೊದಲಿಗೆ, ತಪ್ಪೇ ಅಲ್ಲದ ಒಂದು ತಪ್ಪು. ‘ಗಾಡಿ ನಿಂತಾಗ ಇಂಜಿನ್ ಒಂದೇ ಸಮನೆ ಓಡಬೇಕು’ ಎನ್ನುವುದು ಫೋರ್ ಸ್ಟ್ರೋಕ್ ಗಾಡಿ ನೋಡಿ ಬೆಳೆದವರ ನಿರೀಕ್ಷೆ. ಹಳೆಯ ಟೂ ಸ್ಟ್ರೋಕ್‌ನಲ್ಲಿ ಸ್ಲೈಡ್ ಹೆಚ್ಚುಕಡಿಮೆ ಮುಚ್ಚಿರುವಾಗ ಸಿಲಿಂಡರಿಗೆ ಬರುವ ಹೊಸ ಮಿಶ್ರಣ ತೀರಾ ಕಡಿಮೆ, ಹಿಂದಿನ ಸುತ್ತಿನ ಹೊಗೆಯೂ ಅಲ್ಲೇ ಉಳಿದಿರುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲೂ ಬೆಂಕಿ ಹತ್ತುವುದಿಲ್ಲ. ಒಂದೆರಡು ಸುತ್ತು ಬಿಟ್ಟು ಮತ್ತೆ ಹತ್ತುತ್ತದೆ. ಯೆಜ್ಡಿಯ ಆ ತಡವರಿಸುವ ಸದ್ದು ರೋಗವಲ್ಲ, ಸ್ವಭಾವ. ಅದನ್ನು ‘ಸರಿ’ ಮಾಡಲು ಹೊರಟವರೇ ಅನೇಕ ಗಾಡಿಗಳ ಟ್ಯೂನಿಂಗ್ ಕೆಡಿಸಿದ್ದಾರೆ.

ಇನ್ನು ಸ್ಕ್ರೂ ವಿಚಾರ. ‘ಟೈಟ್ ಮಾಡಿದರೆ ಪೆಟ್ರೋಲ್ ಕಡಿಮೆ, ಲೂಸ್ ಮಾಡಿದರೆ ಜಾಸ್ತಿ’ ಎಂಬ ಸೂತ್ರ ಅರ್ಧ ಸತ್ಯ. ಸ್ಕ್ರೂ ಸ್ಲೈಡಿನ ಆಚೆ, ಏರ್ ಫಿಲ್ಟರ್ ಕಡೆಗಿದ್ದರೆ ಅದು ಸಾಮಾನ್ಯವಾಗಿ ಏರ್ ಸ್ಕ್ರೂ. ಟೈಟ್ ಮಾಡಿದಷ್ಟೂ ಗಾಳಿ ಕಡಿಮೆಯಾಗಿ ಮಿಶ್ರಣ ಗಟ್ಟಿಯಾಗುತ್ತದೆ. ಇಂಜಿನ್ ಕಡೆಗಿದ್ದರೆ ಲೆಕ್ಕ ಉಲ್ಟಾ. ಇವೆರಡೂ ಅಲ್ಲದ ಸ್ಲೋ ಸ್ಪೀಡ್ ಸ್ಕ್ರೂ ಸ್ಲೈಡನ್ನು ಕೂದಲೆಳೆಯಷ್ಟು ಮೇಲೆತ್ತಿ ಹಿಡಿಯುತ್ತದೆ, ಮಿಶ್ರಣವನ್ನು ಅದು ನೇರವಾಗಿ ಮುಟ್ಟುವುದಿಲ್ಲ. ಪೈಲಟ್ ಜೆಟ್ ಕಟ್ಟಿಕೊಂಡ ಗಾಡಿಗೆ ಈ ಸ್ಕ್ರೂ ತಿರುಗಿಸಿ ಸ್ಪೀಡ್ ಏರಿಸಿದರೆ ಗಾಡಿ ಆಫ್ ಆಗದೇ ಇರಬಹುದು, ಆದರೆ ಕಟ್ಟಿದ ಜೆಟ್ ಕಟ್ಟಿಯೇ ಇರುತ್ತದೆ.

‘ಸ್ಲೋನಲ್ಲಿ ನಿಲ್ಲುತ್ತಿಲ್ಲ, ಮೇನ್ ಜೆಟ್ ದೊಡ್ಡದು ಹಾಕಿ’ ಎನ್ನುವವರೂ ಇದ್ದಾರೆ. ಮೇನ್ ಜೆಟ್ಟಿನ ಮಾತು ನಡೆಯುವುದು ಆಕ್ಸಿಲರೇಟರ್ ಮುಕ್ಕಾಲು ಭಾಗ ದಾಟಿದ ಮೇಲೆ. ಮಧ್ಯದಲ್ಲಿ ನೀಡಲ್‌ನದೇ ದರ್ಬಾರು. ನಿಂತಲ್ಲಿ ಓಡುವಾಗ ಕೆಲಸ ಪೈಲಟ್ ಜೆಟ್ಟಿನದು. ಆ ಜೆಟ್ ಕಟ್ಟಿದರೆ ನಮ್ಮವರ ಕೈ ಮೊದಲು ಹೋಗುವುದು ತಂತಿಗೆ, ಕ್ಲಚ್ ಕೇಬಲ್ಲಿನ ಒಂದು ಎಳೆ ಕಿತ್ತು ಚುಚ್ಚುತ್ತಾರೆ. ಜೆಟ್ ಹಿತ್ತಾಳೆಯದು, ತಂತಿ ಉಕ್ಕಿನದು. 0.40 ಮಿ.ಮೀ. ಇದ್ದ ತೂತು ಉಜ್ಜಿ ಉಜ್ಜಿ 0.45 ಆಯಿತೆಂದರೆ ಕಣ್ಣಿಗೆ ಏನೂ ಕಾಣದು, ತೂತಿನ ವಿಸ್ತೀರ್ಣ ಮಾತ್ರ ಕಾಲು ಭಾಗಕ್ಕಿಂತ ಹೆಚ್ಚು ಏರಿರುತ್ತದೆ. ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಪ್ಲಗ್ ಕಪ್ಪಾಗುತ್ತಲೇ ಇರುತ್ತದೆ. ಕಾರ್ಬೊರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಕಂಪ್ರೆಸರ್ ಗಾಳಿ ಹೊಡೆದು, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುತ್ತದೆಯೇ ನೋಡಿದರೆ ಸಾಕು.

ನಿಜವಾದ ತಲೆನೋವು ಕದ್ದು ಬರುವ ಗಾಳಿ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಸ್ಪೀಡ್ ಇಳಿಯದೆ ನೇತಾಡುತ್ತಿದ್ದರೆ ‘ಪೆಟ್ರೋಲ್ ಜಾಸ್ತಿ ಬರ್ತಿದೆ’ ಎಂದು ಹೆಚ್ಚಿನವರು ತಿಳಿಯುತ್ತಾರೆ. ಸಾಮಾನ್ಯವಾಗಿ ಆಗಿರುವುದು ತದ್ವಿರುದ್ಧ: ಎಲ್ಲಿಂದಲೋ ಗಾಳಿ ಎಳೆದು ಮಿಶ್ರಣ ತೆಳುವಾಗಿರುತ್ತದೆ. ಹ್ಯಾಂಡಲ್ ಆಚೀಚೆ ತಿರುಗಿಸಿದಾಗ ಸ್ಪೀಡ್ ಬದಲಾದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಎಂದರ್ಥ, ಅದು ಸುಲಭದ ಕೆಲಸ. ಬದಲಾಗದಿದ್ದರೆ ಕಾರ್ಬೊರೇಟರ್ ಸಿಲಿಂಡರಿಗೆ ಕೂಡುವ ಜಾಗ ನೋಡಿ. ಪ್ಯಾಕಿಂಗ್ ಸೋರುತ್ತದೆಂದು ಎರಡೂ ನಟ್‌ಗಳನ್ನು ವರ್ಷಗಟ್ಟಲೆ ಬಿಗಿದು ಬಿಗಿದು ಫ್ಲ್ಯಾಂಜಿನ ಕಿವಿಗಳು ಬಾಗಿರುತ್ತವೆ. ಇನ್ನಷ್ಟು ಬಿಗಿದರೆ ಇನ್ನಷ್ಟು ಬಾಗುತ್ತವೆ. ದಪ್ಪ ಗಾಜಿನ ಮೇಲೆ ನುಣ್ಣನೆಯ ಎಮರಿ ಪೇಪರ್ ಹಾಸಿ ಫ್ಲ್ಯಾಂಜಿನ ಮುಖವನ್ನು ನಾಲ್ಕು ಸಲ ಉಜ್ಜಿ. ಎರಡು ಕಿವಿಗಳ ಬಳಿ ಮಾತ್ರ ಹೊಳಪು ಬಂದು ನಡುಭಾಗ ಮಂಕಾಗಿಯೇ ಉಳಿದರೆ ಗಾಳಿಯ ದಾರಿ ಸಿಕ್ಕಿತು. ಮುಖ ಪೂರ್ತಿ ಹೊಳೆಯುವವರೆಗೆ ಉಜ್ಜಿ, ಹೊಸ ಪ್ಯಾಕಿಂಗ್ ಹಾಕಿ ಹದವಾಗಿ ಬಿಗಿಯಿರಿ.

ಅಲ್ಲೂ ಇಲ್ಲವೆಂದರೆ ಕ್ರ್ಯಾಂಕಿನ ಆಯಿಲ್ ಸೀಲ್. ಟೂ ಸ್ಟ್ರೋಕ್‌ನಲ್ಲಿ ಮಿಶ್ರಣ ಕ್ರ್ಯಾಂಕ್‌ಕೇಸಿನ ಮೂಲಕವೇ ಹಾದು ಹೋಗುವುದರಿಂದ ಸೀಲ್ ಹೋದರೆ ಅದೂ ಒಂದು ಕಾರ್ಬೊರೇಟರ್ ಆದಂತೆಯೇ, ಪೆಟ್ರೋಲ್ ಇಲ್ಲದ ಕಾರ್ಬೊರೇಟರ್. ಬಲಗಡೆ ಡೈನಮೋ ಹಿಂದಿನ ಸೀಲ್ ಒಣಗಿದರೆ ಗಾಳಿ ಎಳೆಯುತ್ತದೆ. ಎಡಗಡೆ ಕ್ಲಚ್ ಬದಿಯದು ಹೋದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ ಕಾರುತ್ತದೆ, ಗೇರ್‌ಬಾಕ್ಸ್ ಆಯಿಲ್ ಮಟ್ಟವೂ ಇಳಿಯುತ್ತದೆ. ತೆಳು ಮಿಶ್ರಣದಲ್ಲೇ ಹೈವೇ ಓಡಿಸಿದರೆ ಪಿಸ್ಟನ್ ಸೀಜ್ ಆಗಬಹುದು. ಏರ್ ಫಿಲ್ಟರ್ ಕಿತ್ತು ‘ಪಿಕಪ್’ ಹುಡುಕುವವರೂ ಇದೇ ಅಪಾಯವನ್ನು ಕೈಯಾರೆ ತಂದುಕೊಳ್ಳುತ್ತಾರೆ.

ಸೀಜ್ ಭಯಕ್ಕೆ ಜನ ಕಂಡುಕೊಂಡ ಮದ್ದು ‘ಒಂದಿಷ್ಟು ಆಯಿಲ್ ಜಾಸ್ತಿ ಹಾಕು’. ಲೀಟರಿಗೆ 40 ಮಿ.ಲೀ. ಎಂಬ ಹಳೆಯ ಅಳತೆಯೇ ಸಾಕಷ್ಟು ಧಾರಾಳ. ಆಯಿಲ್ ಹೆಚ್ಚಿದಷ್ಟೂ ಅದೇ ಜೆಟ್ಟಿನಲ್ಲಿ ಹರಿಯುವ ಪೆಟ್ರೋಲ್ ಕಡಿಮೆಯಾಗುತ್ತದೆ, ಮಿಶ್ರಣ ಇನ್ನೂ ತೆಳುವಾಗುತ್ತದೆ. ಮೇಲೆ ಪ್ಲಗ್ ನೆನೆಯುವುದು, ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟುವುದು ಬೇರೆ.

ಬಿಸಿಯಾದ ಮೇಲಷ್ಟೇ ಆಫ್ ಆಗುವ ಗಾಡಿಯಲ್ಲಿ ಕಂಡೆನ್ಸರ್ ಮೇಲೂ ಅನುಮಾನವಿರಲಿ. ಪಾಯಿಂಟ್ ಸುಟ್ಟಿದೆಯೇ, ಗ್ಯಾಪ್ 0.4 ಮಿ.ಮೀ. ಇದೆಯೇ ನೋಡದೆ ಕಾರ್ಬೊರೇಟರ್ ಬಿಚ್ಚಬೇಡಿ.

ಈಗಿನ ಹೊಸ ಆರೋಪಿ ಎಥನಾಲ್. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲನ್ನು ಎಲ್ಲದಕ್ಕೂ ಹೊಣೆ ಮಾಡುವುದೂ ತಪ್ಪು, ಏನೂ ಆಗದೆಂದು ನಂಬುವುದೂ ತಪ್ಪು. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಹೊಸ ಗಾಡಿಯ ಸೆನ್ಸರ್ ಇದನ್ನು ತಾನೇ ಸರಿದೂಗಿಸುತ್ತದೆ, ಹಳೆಯ ಜೆಟ್ಟಿಗೆ ಆ ತಿಳಿವಳಿಕೆ ಇಲ್ಲ. ಹಾಗಾಗಿ ಮಿಶ್ರಣ ತುಸು ತೆಳುವಾಗುವುದು ನಿಜ, ಹಳೆಯ ರಬ್ಬರ್ ಪೈಪು ಮೆತ್ತಗಾಗುವುದೂ ಉಂಟು. ಎಥನಾಲ್ ನೀರನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ ಕಾರ್ಬೊರೇಟರ್ ಖಾಲಿ ಮಾಡಿಡಿ.

ಕೊನೆಗೆ ‘ಹಳೆಯ ಜಿಕೋವ್ ಕಾರ್ಬೊರೇಟರ್ ಬಿಸಾಕಿ ಬೇರೆ ಗಾಡಿಯದು ಹಾಕಿ’ ಎಂಬ ಸಲಹೆ. ಸ್ಲೈಡ್ ಸವೆದು ಗಡಗಡ ಅಲ್ಲಾಡುತ್ತಿದ್ದರೆ ಆ ಮಾತಿನಲ್ಲಿ ಹುರುಳಿದೆ. ಆದರೆ ಬೇರೆಯದಕ್ಕೆ ಜೆಟ್, ನೀಡಲ್, ಸ್ಲೈಡ್ ಎಲ್ಲವನ್ನೂ ಈ ಇಂಜಿನ್ನಿಗೆ ಹೊಂದಿಸಬೇಕು. ಅದನ್ನೆಲ್ಲ ಮಾಡಿದ ಮೇಲೂ ಇಂಜಿನ್ ಮೊದಲಿನಂತೆಯೇ ಕೂಗುತ್ತಿದ್ದರೆ ಬಲಗಡೆಯ ಡೈನಮೋ ಕವರ್ ಬಿಚ್ಚಿ.