ಅಜ್ಜನ ರಿವಾಲ್ವರಿಗೆ ಯಾವ ಗುಂಡು?

ಪ್ರಶ್ನೆ: ಅಜ್ಜನ ಹಳೇ ವೆಬ್ಲಿ ರಿವಾಲ್ವರ್ ನನ್ನ ಪಾಲಿಗೆ ಬಂದಿದೆ. ಜೊತೆಗಿಟ್ಟುಕೊಳ್ಳಲು ಎಂಥ ಗುಂಡು ಕೊಳ್ಳಲಿ? (ಕೊಚ್ಚಿಯ ಓದುಗರು)

ಉತ್ತರ: ಗುಂಡಿನ ಮಾತು ಆಮೇಲೆ. 1959ರ ಆಯುಧ ಕಾಯ್ದೆಯಂತೆ ವಾರಸುದಾರರಿಗೂ ಸ್ವಂತ ಲೈಸೆನ್ಸ್ ಬೇಕು. ಅಲ್ಲಿಯತನಕ ರಿವಾಲ್ವರನ್ನು ಠಾಣೆಯಲ್ಲೋ ಪರವಾನಗಿಯುಳ್ಳ ಅಂಗಡಿಯಲ್ಲೋ ಠೇವಣಿಯಿಟ್ಟು ನಿಮ್ಮ ಜಿಲ್ಲೆಯ ಕಾಕ್ಕನಾಡಿನ ಕಲೆಕ್ಟರೇಟಿಗೆ ಅರ್ಜಿ ಹಾಕಿ. ಲೈಸೆನ್ಸಿಲ್ಲದೆ ಬರೀ ಗುಂಡು ಇಟ್ಟುಕೊಂಡರೂ ಅಪರಾಧವೇ.

ಇನ್ನು ಗುಂಡಿನ ಅಳತೆ ತಿಳಿಯಲು ನಳಿಕೆಯ ಮೇಲಿನ ಮುದ್ರೆ ನೋಡಿ. 1887ರಲ್ಲಿ ಬ್ರಿಟಿಷ್ ಸೇನೆ ಒಪ್ಪಿಕೊಂಡ ಮೊದಲ ವೆಬ್ಲಿಗಳು ಕರಿಮದ್ದಿನ ಕಾಲದವು, ಬಿರುಸಾದ ಗುಂಡು ಅವಕ್ಕೆ ಸಲ್ಲದು. .455 ಆಗಿದ್ದರೆ ಗುಂಡು ಸಿಗುವುದೇ ಕಷ್ಟ. .32 ಆಗಿದ್ದರೆ ರಿವಾಲ್ವರಿನ ಉದ್ದ ಗುಂಡನ್ನೇ ಕೇಳಿ. ಅದೇ ಅಂಕಿಯ ಪಿಸ್ತೂಲು ಗುಂಡು ಬೇರೆ, ಅದರ ಒತ್ತಡವೂ ಹೆಚ್ಚು. ಬಂದೂಕು ರಿಪೇರಿಯವರಿಗೆ ತೋರಿಸದೆ ಒಂದು ಗುಂಡನ್ನೂ ತುಂಬಬೇಡಿ.