ಗಡಿ ದಾಟುವ ಸೇನೆಗೆ ನೀತಿಯ ಕಡಿವಾಣ

1971ರ ಏಪ್ರಿಲ್ 6ರಂದು, ಆಗ ಪೂರ್ವ ಪಾಕಿಸ್ತಾನದಲ್ಲಿದ್ದ ಢಾಕಾದ ಅಮೆರಿಕನ್ ದೂತಾವಾಸ ಕಚೇರಿಯಿಂದ ವಾಷಿಂಗ್ಟನ್‌ಗೆ ಒಂದು ತಂತಿ ಸಂದೇಶ ಹೋಯಿತು. ಮಾರ್ಚ್ 25ರ ರಾತ್ರಿ ಪಾಕಿಸ್ತಾನಿ ಸೇನೆ ಢಾಕಾ ವಿಶ್ವವಿದ್ಯಾಲಯಕ್ಕೆ ನುಗ್ಗಿ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಕೊಂದಿತ್ತು. ಹತ್ಯೆ ಊರೂರಿಗೆ ಹಬ್ಬುತ್ತಿದ್ದರೂ ತಮ್ಮ ಸರ್ಕಾರ ಬಾಯಿ ಬಿಡುತ್ತಿಲ್ಲವೆಂದು 20 ಮಂದಿ ಅಮೆರಿಕನ್ ಅಧಿಕಾರಿಗಳು ಸಹಿ ಹಾಕಿ ಪ್ರತಿಭಟಿಸಿದ್ದರು. ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಅದಕ್ಕೆ ತಮ್ಮ ಬೆಂಬಲವನ್ನೂ ಸೇರಿಸಿ ಕಳಿಸಿದರು. ಆದರೆ ಅಧ್ಯಕ್ಷ ನಿಕ್ಸನ್ ಮತ್ತು ಅವರ ಸಲಹೆಗಾರ ಕಿಸಿಂಜರ್‌ಗೆ ಪಾಕಿಸ್ತಾನದ ಸೇನಾಡಳಿತಗಾರ ಯಾಹ್ಯಾ ಖಾನ್ ಬೇಕಾಗಿದ್ದರು. ಚೀನಾದೊಂದಿಗೆ ಗುಟ್ಟಾಗಿ ಮಾತುಕತೆ ಕುದುರಿಸಲು ಅವರೇ ಮಧ್ಯವರ್ತಿ. ಸಂದೇಶ ಮೂಲೆ ಸೇರಿತು, ಬ್ಲಡ್ ಢಾಕಾದಿಂದ ಎತ್ತಂಗಡಿಯಾದರು. ಪರದೇಶದ ವಿಷಯದಲ್ಲಿ ಕೈಹಾಕುವಾಗ ಒಂದು ರಾಷ್ಟ್ರ ನೀತಿಯನ್ನು ನೋಡಬೇಕೋ, ಲಾಭವನ್ನು ನೋಡಬೇಕೋ ಎಂಬ ಪ್ರಶ್ನೆಗೆ ಈ ಪ್ರಕರಣಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ರಾಜಕಾರಣದಲ್ಲಿ ಧರ್ಮಾಧರ್ಮದ ಮಾತು ಭಾವುಕತೆ, ವಾಸ್ತವ ಬೇರೆಯೇ ಇರುತ್ತದೆ ಎನ್ನುವವರಿದ್ದಾರೆ. ಆದರೆ ಇಲ್ಲಿ ವಾಸ್ತವವನ್ನು ಸರಿಯಾಗಿ ಓದಿದವರು ಯಾರು? 1970ರ ಡಿಸೆಂಬರ್ ಚುನಾವಣೆಯಲ್ಲಿ ಶೇಖ್ ಮುಜೀಬುರ್ ರಹಮಾನ್‌ರ ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ 162 ಸಾಮಾನ್ಯ ಸ್ಥಾನಗಳಲ್ಲಿ 160 ಗೆದ್ದು ಇಡೀ ದೇಶಕ್ಕೇ ಬಹುಮತದ ಪಕ್ಷವಾಗಿತ್ತು. ಹೀಗೆ ಮತ ಹಾಕಿದ ಜನರನ್ನು ಬಂದೂಕಿನಿಂದ ಬಗ್ಗಿಸಿ ಒಂದೇ ದೇಶದಲ್ಲಿ ಉಳಿಸಿಕೊಳ್ಳಲಾಗದು ಎಂಬುದು ಢಾಕಾದ ಬೀದಿಯಲ್ಲಿದ್ದ ಅಧಿಕಾರಿಗಳಿಗೆ ಕಂಡಿತ್ತು. ವಾಷಿಂಗ್ಟನ್‌ನ ಲೆಕ್ಕಾಚಾರಕ್ಕೆ ಅದು ಕಾಣಲಿಲ್ಲ. ಒಂಬತ್ತು ತಿಂಗಳು ತುಂಬುವ ಮೊದಲೇ ಪಾಕಿಸ್ತಾನ ಎರಡಾಯಿತು. ಸತ್ತವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರಿಗೆ ಬದುಕಿರುವವರು ಮುಂದೇನು ಮಾಡುತ್ತಾರೆಂಬ ಅಂದಾಜೂ ಸಿಗುವುದಿಲ್ಲ. ನೈತಿಕ ದೃಷ್ಟಿ ವಾಸ್ತವಕ್ಕೆ ವಿರುದ್ಧವಾದುದಲ್ಲ. ವಾಸ್ತವವನ್ನು ಪೂರ್ತಿಯಾಗಿ ನೋಡಲು ಅದು ಬೇಕೇ ಬೇಕು.

ಆ ಯುದ್ಧದಲ್ಲಿ ಪೂರ್ವ ಪಾಕಿಸ್ತಾನಕ್ಕೆ ಸೇನೆ ಕಳಿಸಿದ ಭಾರತವೇನು ನಿಸ್ವಾರ್ಥವಾಗಿ ಹೋಯಿತೇ ಎಂಬುದು ಮುಂದಿನ ಆಕ್ಷೇಪ. ಖಂಡಿತ ಅಲ್ಲ. ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಕಲ್ಕತ್ತೆಯ ಸಾಲ್ಟ್ ಲೇಕ್‌ನಲ್ಲಿ ಚರಂಡಿಗೆಂದು ತಂದಿಟ್ಟ ದೊಡ್ಡ ಸಿಮೆಂಟ್ ಪೈಪುಗಳೊಳಗೆ ಸಂಸಾರಗಳು ಬಿಡಾರ ಹೂಡಿದ್ದವು. 1971ರ ನವೆಂಬರ್‌ನಿಂದ ನಮ್ಮ ಮೈಸೂರು ರಾಜ್ಯವೂ ಸೇರಿ ದೇಶದಲ್ಲಿ ಅಂಚೆಗೆ ಹಾಕುವ ಕಾಗದಗಳಿಗೆ 5 ಪೈಸೆಯ ನಿರಾಶ್ರಿತರ ಪರಿಹಾರದ ಚೀಟಿ ಹೆಚ್ಚುವರಿಯಾಗಿ ಅಂಟಿಸಬೇಕಾಯಿತು. ಬದ್ಧವೈರಿ ದುರ್ಬಲನಾಗಲಿ ಎಂಬ ಆಸೆಯೂ ದೆಹಲಿಗಿತ್ತು. ಡಿಸೆಂಬರ್ 3ರಂದು ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡುವ ಮೊದಲೇ ಭಾರತ ಬಂಗಾಳಿ ಹೋರಾಟಗಾರರ ಪಡೆಯಾದ ಮುಕ್ತಿವಾಹಿನಿಗೆ ತರಬೇತಿ ಕೊಟ್ಟಿತ್ತು. ಆದರೆ ಉದ್ದೇಶದಲ್ಲಿ ಸ್ವಾರ್ಥ ಬೆರೆತಿದೆ ಎಂದ ಮಾತ್ರಕ್ಕೆ ಕೃತ್ಯ ಅನ್ಯಾಯದ್ದಾಗುವುದಿಲ್ಲ. ಸ್ವಾರ್ಥ ಎಲ್ಲಿಗೆ ನಿಂತಿತು ಎಂಬುದನ್ನು ನೋಡಬೇಕು. ಡಿಸೆಂಬರ್ 16ರಂದು ಗೆದ್ದ ಸೇನೆ 1972ರ ಮಾರ್ಚ್‌ನಲ್ಲಿ ಢಾಕಾದಿಂದ ವಾಪಸಾಯಿತು. ಗೆದ್ದ ನೆಲವನ್ನು ಅಲ್ಲಿಯವರಿಗೇ ಬಿಟ್ಟು ಬಂದದ್ದು ಆ ಮಧ್ಯಪ್ರವೇಶದ ನೈತಿಕತೆಗೆ ದೊಡ್ಡ ಸಾಕ್ಷಿ.

ನೈತಿಕತೆ ಬಲಿಷ್ಠರ ಮುಖವಾಡ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 2003ರಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಇರಾಕಿಗೆ ನುಗ್ಗಿದ ಅಮೆರಿಕಕ್ಕೆ ಅವು ಸಿಗಲಿಲ್ಲ. 2011ರ ಮಾರ್ಚ್‌ನಲ್ಲಿ ಲಿಬಿಯಾದ ನಾಗರಿಕರ ರಕ್ಷಣೆಗೆಂದು ಭದ್ರತಾ ಮಂಡಳಿ ಕೊಟ್ಟ ಅನುಮತಿ, ನೇಟೋ ಕೈಯಲ್ಲಿ ಗಡಾಫಿ ಆಡಳಿತವನ್ನೇ ಉರುಳಿಸುವ ಕೆಲಸಕ್ಕೆ ಬಳಕೆಯಾಯಿತು. ಆಮೇಲೆ ದೇಶ ಶಸ್ತ್ರಧಾರಿ ಗುಂಪುಗಳ ಪಾಲಾದಾಗ ಹೊಣೆ ಹೊರುವವರಿರಲಿಲ್ಲ. ಭದ್ರತಾ ಮಂಡಳಿಯ ಆ ಮತದಾನದಲ್ಲಿ ಭಾರತ ತಟಸ್ಥವಾಗಿ ಉಳಿದಿತ್ತು. ಈ ಎರಡೂ ಕಡೆ ನೀತಿಯ ಮಾತು ಹೇರಳವಾಗಿತ್ತು, ನೀತಿ ಕಡಿಮೆಯಿತ್ತು. ಒಂದು ಕಡೆ ಕಾರಣ ಹುಸಿಯಾಯಿತು, ಇನ್ನೊಂದು ಕಡೆ ಕೊಟ್ಟ ಮಾತನ್ನು ಮೀರಲಾಯಿತು. ಇದನ್ನು ತಪ್ಪೆಂದು ನಾವು ಹೇಳುತ್ತಿರುವುದೂ ನೈತಿಕತೆಯ ಅಳತೆಗೋಲಿನಿಂದಲೇ. ಅದನ್ನು ಬಿಸಾಡಿದರೆ ಇರಾಕ್ ಯುದ್ಧವನ್ನು ಖಂಡಿಸಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಾದರೆ ಯಾರೂ ಯಾರ ಗಡಿಯನ್ನೂ ದಾಟಬಾರದು ಎಂಬ ನಿಯಮವೇ ಕ್ಷೇಮವಲ್ಲವೇ? ಸಣ್ಣ ದೇಶಗಳಿಗೆ ಸಾರ್ವಭೌಮತ್ವವೇ ರಕ್ಷೆ ಎಂಬುದು ನಿಜ. 1971ರ ಡಿಸೆಂಬರ್ 7ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ದೇಶಗಳು ಕದನವಿರಾಮ ಮತ್ತು ಸೇನಾ ವಾಪಸಾತಿಗೆ ಮತ ಹಾಕಿದ್ದವು. ವಿರುದ್ಧ ಬಿದ್ದ ಮತಗಳು 11 ಮಾತ್ರ. ಆದರೆ ಆ ನಿಯಮಕ್ಕೆ ಮಾತ್ರ ಕಟ್ಟುಬಿದ್ದರೆ ಏನಾಗುತ್ತದೆಂದು ರುವಾಂಡಾ ತೋರಿಸಿತು. 1994ರ ಏಪ್ರಿಲ್‌ನಲ್ಲಿ ಟುಟ್ಸಿಗಳ ನರಮೇಧ ಶುರುವಾದಾಗ ಅಲ್ಲಿ ವಿಶ್ವಸಂಸ್ಥೆಯ ಸುಮಾರು 2,500 ಶಾಂತಿಪಾಲಕರಿದ್ದರು. ಭದ್ರತಾ ಮಂಡಳಿ ಬಲ ಹೆಚ್ಚಿಸುವ ಬದಲು ಅದನ್ನು 270ಕ್ಕೆ ಇಳಿಸಲು ನಿರ್ಣಯಿಸಿತು. ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ ಸತ್ತರು. ಸುಮ್ಮನಿರುವುದೂ ಒಂದು ನಿರ್ಧಾರ, ಅದಕ್ಕೂ ಹೆಣಗಳ ಲೆಕ್ಕ ಕೊಡಬೇಕು. ಈ ಪಾಠದ ಫಲವಾಗಿಯೇ 2005ರಲ್ಲಿ, ನರಮೇಧದಂಥ ಅಪರಾಧಗಳಿಂದ ಪ್ರಜೆಗಳನ್ನು ಕಾಯುವುದು ಪ್ರತಿ ಸರ್ಕಾರದ ಹೊಣೆ, ಅದು ಸೋತರೆ ಭದ್ರತಾ ಮಂಡಳಿಯ ಮೂಲಕ ಜಗತ್ತು ಮುಂದಾಗಬೇಕು ಎಂದು ವಿಶ್ವಸಂಸ್ಥೆಯ ಸದಸ್ಯರು ಒಪ್ಪಿದರು.

ಎಲ್ಲ ಕಡೆ ಹೋಗಲಾಗದಿದ್ದರೆ ಒಂದು ಕಡೆ ಮಾತ್ರ ಹೋಗುವುದು ಪಕ್ಷಪಾತವಲ್ಲವೇ ಎಂದೂ ಕೇಳುತ್ತಾರೆ. ಎಲ್ಲರನ್ನೂ ಉಳಿಸಲಾಗದು ಎಂಬುದು ಯಾರನ್ನೂ ಉಳಿಸದಿರಲು ಕಾರಣವಾಗಬಾರದು. ಆದರೆ ಒಳ್ಳೆಯ ಉದ್ದೇಶವೊಂದೇ ಸಾಲದು ಎಂಬುದಕ್ಕೆ ನಮ್ಮದೇ ಉದಾಹರಣೆಯಿದೆ. 1987ರಲ್ಲಿ ಒಪ್ಪಂದದ ಮೇರೆಗೆ ಶಾಂತಿ ಕಾಯಲು ಶ್ರೀಲಂಕಾಕ್ಕೆ ಹೋದ ನಮ್ಮ ಪಡೆ ಅದೇ ವರ್ಷ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ವಿರುದ್ಧದ ಯುದ್ಧಕ್ಕಿಳಿಯಿತು. ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡು, ಕಾಯಲು ಹೋದ ತಮಿಳರ ವಿಶ್ವಾಸವನ್ನೂ ಕಳೆದುಕೊಂಡು 1990ರಲ್ಲಿ ಮರಳಿತು. ಆದ್ದರಿಂದ ಹೋಗುವ ಕಾರಣ ಸತ್ಯವಾಗಿರಬೇಕು, ಬೇರೆ ದಾರಿಗಳನ್ನು ತುಳಿದು ನೋಡಿರಬೇಕು, ಗುರಿ ಸೀಮಿತವಾಗಿರಬೇಕು, ಯಾವಾಗ ಮರಳುತ್ತೇವೆಂಬುದು ಹೋಗುವ ಮೊದಲೇ ಸ್ಪಷ್ಟವಾಗಿರಬೇಕು. ಸೇನೆಯನ್ನು ಪರದೇಶಕ್ಕೆ ಕಳಿಸುವ ಮುನ್ನ ಸಂಸತ್ತಿನ ಒಪ್ಪಿಗೆ ಪಡೆಯಲೇಬೇಕೆಂಬ ನಿಯಮ ನಮ್ಮ ಸಂವಿಧಾನದಲ್ಲಿಲ್ಲ. ಆ ನಿಯಮ ಬರಬೇಕು. ಈ ಪ್ರಶ್ನೆಗಳಿಗೆ ಸರ್ಕಾರ ಪ್ರಜಾಪ್ರತಿನಿಧಿಗಳ ಎದುರು ಉತ್ತರ ಕೊಡಬೇಕಾದಾಗ ಮಾತ್ರ ನೀತಿ ಭಾಷಣದಿಂದ ಇಳಿದು ನಿರ್ಧಾರಕ್ಕೆ ಬರುತ್ತದೆ.