ಗಂಡ-ಹೆಂಡತಿ ಸಂಶಯಾಸ್ಪದ ಸಾವು: ಪತ್ತೇದಾರಿ ಕಾದಂಬರಿ ಬೇರೆ, ಠಾಣೆಯ ಕೆಲಸ ಬೇರೆ

ಒಳಗಿನಿಂದ ಚಿಲಕ ಹಾಕಿದ ಮನೆ, ಒಳಗೆ ಗಂಡ-ಹೆಂಡತಿ ಇಬ್ಬರ ಶವ. ಪತ್ತೇದಾರಿ ಕಾದಂಬರಿ ಶುರುವಾಗೋಕೆ ಇಷ್ಟು ಸಾಕು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿದವರಿಗೆ ಕೊನೆಗೆ ಗುಟ್ಟು ಬಯಲಾಗುತ್ತೆ ಅನ್ನೋ ಧೈರ್ಯ ಇರುತ್ತೆ. ಠಾಣೆಯಲ್ಲಿ ಆ ಗ್ಯಾರಂಟಿ ಇಲ್ಲ. ಮೊದಲ ದಿನ ಕಳೆದುಹೋದ ಸಾಕ್ಷ್ಯ ಮತ್ತೆ ಸಿಗದೇ ಹೋಗಬಹುದು.

ಮೊದಲು ಯುಡಿಆರ್

ಕೊಲೆ ಅಂತ ಮೇಲ್ನೋಟಕ್ಕೆ ಗೊತ್ತಾಗದಿದ್ದರೆ ಪೊಲೀಸರು ಮೊದಲು ಅಸಹಜ ಸಾವು, ಅಂದರೆ ಯುಡಿಆರ್ ದಾಖಲಿಸುತ್ತಾರೆ. 2024ರ ಜುಲೈ 1ರಿಂದ ಇದು ಬಿಎನ್‌ಎಸ್‌ಎಸ್ ಕಲಂ 194ರಡಿ ನಡೆಯುತ್ತೆ. ಅಕ್ಕಪಕ್ಕದ ಕನಿಷ್ಠ ಇಬ್ಬರು ಗೌರವಸ್ಥರ ಎದುರು ಶವ ಪಂಚನಾಮೆ ಆಗಬೇಕು. ಪಂಚರ ಸಹಿ ಯಾರನ್ನೂ ಅಪರಾಧಿ ಅನ್ನಲ್ಲ. ಶವ ಹೇಗಿತ್ತು, ಗಾಯ ಎಲ್ಲಿತ್ತು ಅಂತ ಕಂಡದ್ದಕ್ಕಷ್ಟೇ ಅದು ಸಾಕ್ಷಿ. ಓದಿ ನೋಡಿ ಸಹಿ ಹಾಕಿ.

ಮದುವೆಯಾಗಿ 7 ವರ್ಷದೊಳಗೆ ಹೆಂಡತಿ ಆತ್ಮಹತ್ಯೆ ಮಾಡಿಕೊಂಡಿದ್ದರೆ ಅಥವಾ ಅನುಮಾನಾಸ್ಪದವಾಗಿ ಸತ್ತಿದ್ದರೆ ಮ್ಯಾಜಿಸ್ಟ್ರೇಟ್ ವಿಚಾರಣೆಯೂ ಆಗಬೇಕು. ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಬರೋದು ಇದಕ್ಕೇ.

ಲ್ಯಾಬ್ ಎಲ್ಲವನ್ನೂ ಹೇಳಲ್ಲ

ಇಬ್ಬರಿಗೂ ಬೇರೆ ಬೇರೆ ಮರಣೋತ್ತರ ಪರೀಕ್ಷೆ ಆಗುತ್ತೆ. ವಿಷದ ಅನುಮಾನ ಇದ್ದರೆ ಜಠರ, ಪಿತ್ತಜನಕಾಂಗ, ಮೂತ್ರಪಿಂಡದ ಭಾಗಗಳನ್ನು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ವರದಿ ಬರೋವರೆಗೆ ವೈದ್ಯರು ಅಂತಿಮ ಅಭಿಪ್ರಾಯ ಬಾಕಿ ಇಡಬಹುದು. ಯಾವ ವಿಷ ಅನ್ನೋದು ಲ್ಯಾಬಿನಲ್ಲಿ ಗೊತ್ತಾಗುತ್ತೆ. ತಾವೇ ಕುಡಿದರೋ, ಬೇರೆ ಯಾರಾದರೂ ಕುಡಿಸಿದರೋ ಅನ್ನೋದಕ್ಕೆ ಬೀದಿಯ ಸಾಕ್ಷ್ಯವೂ ಬೇಕು. ಕೀಟನಾಶಕ ಕೊಂಡಿದ್ದು ಯಾರು, ರಾತ್ರಿ ಮನೆಗೆ ಬಂದು ಹೋಗಿದ್ದು ಯಾರು?

ಇಲ್ಲಿ ಅಂಗಡಿಯವರ ಪಾತ್ರ ದೊಡ್ಡದು. ಗೊಬ್ಬರದ ಅಂಗಡಿ, ಮೆಡಿಕಲ್‌ನವರು ಬಿಲ್ ಪುಸ್ತಕ ತೆಗೆದಿಡಿ. ಸಿಸಿಟಿವಿ ಡಿವಿಆರ್ ತುಂಬಿದರೆ ಹಳೇ ದೃಶ್ಯದ ಮೇಲೆ ಹೊಸದು ರೆಕಾರ್ಡ್ ಆಗುತ್ತೆ. ಹತ್ತಿರದಲ್ಲಿ ಇಂಥ ಸಾವಾದರೆ ಪೊಲೀಸರು ಕೇಳೋ ಮೊದಲೇ ನೀವೇ ತಿಳಿಸಿ. ದೃಶ್ಯದ ಪ್ರತಿ ಕೋರ್ಟಿನಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದಕ್ಕೆ ನಿಮ್ಮ ಸಹಿ ಕೇಳಬಹುದು.

ಯಾರು ಮೊದಲು ಸತ್ತರು?

ಆಸ್ತಿ ಯಾರ ಕಡೆಗೆ ಹೋಗುತ್ತೆ ಅನ್ನೋದು ಕೆಲವೊಮ್ಮೆ ಇದರ ಮೇಲೆ ನಿಂತಿರುತ್ತೆ. ಯಾರು ಮೊದಲು ಅಂತ ಗೊತ್ತಾಗದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಕಲಂ 21ರ ಪ್ರಕಾರ ವಯಸ್ಸಿನಲ್ಲಿ ಕಿರಿಯರೇ ನಂತರ ಸತ್ತರು ಅಂತ ಭಾವಿಸಲಾಗುತ್ತೆ. ಅಲ್ಲ ಅನ್ನುವವರು ಸಾಬೀತು ಮಾಡಬೇಕು. ಕೊಲೆ ಮಾಡಿದವರಿಗೆ ಸತ್ತವರ ಆಸ್ತಿಯಲ್ಲಿ ಹಕ್ಕಿಲ್ಲ ಅಂತ ಕಲಂ 25 ಹೇಳುತ್ತೆ.

ನೆರೆಯವರು ಏನು ಮಾಡಬೇಕು?

ಉಸಿರಿದ್ದರೆ ಮೊದಲು ಆಸ್ಪತ್ರೆಗೆ ಸಾಗಿಸಿ. ಜೀವ ಇಲ್ಲ ಅಂತ ಖಚಿತವಾದರೆ ಲೋಟ, ಬಾಟಲಿ, ಮೊಬೈಲ್ ಏನನ್ನೂ ಮುಟ್ಟದೆ 112ಕ್ಕೆ ಕರೆ ಮಾಡಿ. ಮರ್ಯಾದೆಗೆ ಅಂಜಿ ಬೇಗ ಸುಟ್ಟುಬಿಡೋಣ ಅನ್ನೋರ ಮಾತು ಕೇಳಬೇಡಿ. ಸುಟ್ಟ ದೇಹವನ್ನು ಮತ್ತೆ ಪರೀಕ್ಷೆ ಮಾಡೋಕಾಗಲ್ಲ. ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕೋದಂತೂ ಬೇಡವೇ ಬೇಡ, ಅವರ ಮಕ್ಕಳ ಫೋನಿಗೂ ಅದು ತಲುಪುತ್ತೆ.